ಕಣ್ಣಂದಾಜಿನ ರಕ್ತ

(ಶುಶ್ರೂಷಾ ವಿದ್ಯಾರ್ಥಿನಿಯರು, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮಡಿಸಿಟ್ಟ ಹಳೆಯ ನೂಲಿನ ಸೀರೆಯನ್ನು ನೋಡಿ ಮುಂದಿನ ಸಾಲಿನವರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಸೀರೆ ನನ್ನದೇ. ಪಕ್ಕದ ಚೊಂಬಿನಲ್ಲಿರುವುದು ಬೀಟ್‌ರೂಟ್ ಬೇಯಿಸಿದ ನೀರು. ಈಗ ಇದನ್ನು ಸೀರೆಯ ಮೇಲೆ ಸುರಿಯುತ್ತೇನೆ. ಆಯಿತು. ಹೇಳಿ ನೋಡೋಣ, ಎಷ್ಟು ಸುರಿದೆ?

(ಮುಂದಿನ ಸಾಲಿನಿಂದ "ಇನ್ನೂರು ಎಂಎಲ್" ಎಂಬ ದನಿ ಬಂತು. "ಒಂದು ಲೋಟ" ಎಂದರು ಇನ್ನೊಬ್ಬರು. ಹಿಂದೆ ಕುಳಿತಿದ್ದ ನಿವೃತ್ತ ಮೇಷ್ಟ್ರೊಬ್ಬರು ಧೈರ್ಯ ಮಾಡಿ ಮುನ್ನೂರು ಎಂದರು.)

ಅರ್ಧ ಲೀಟರ್. ಮನೆಯಲ್ಲಿ ಅಳೆದು ತಂದಿದ್ದೇನೆ. ಹೆರಿಗೆಯ ನಂತರ ಇಷ್ಟು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎಂದು ಕರೆಯಬೇಕು, ಕೂಡಲೇ ಓಡಾಟ ಶುರುವಾಗಬೇಕು ಎಂದು ನಿಮ್ಮ ಪಠ್ಯಪುಸ್ತಕದಲ್ಲಿದೆ. ನೀವು ಇದನ್ನು ಒಂದು ಲೋಟ ಎಂದಿರಿ. ಬೇಸರ ಬೇಡ, ಮೂವತ್ತು ವರ್ಷ ಹೆರಿಗೆ ಮಾಡಿಸಿದ ನಾನೂ ಹೀಗೆಯೇ ತಪ್ಪು ಹೇಳಿದ್ದೇನೆ. ಬಟ್ಟೆ ರಕ್ತವನ್ನು ಕುಡಿದು ಮುಚ್ಚಿಡುತ್ತದೆ. ಬಕೆಟ್ಟಿಗೆ ಬಿದ್ದದ್ದರಲ್ಲಿ ನೀರು ಎಷ್ಟು, ರಕ್ತ ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ನೆಲಕ್ಕೆ ಹರಿದದ್ದನ್ನು ಆಯಾ ಒರೆಸಿರುತ್ತಾಳೆ.

ಸಂಘಟಕರು ನನಗೆ ಕೊಟ್ಟ ವಿಷಯ 'ಆರೋಗ್ಯ ಸೇವೆಯ ಸುಧಾರಣೆ ಮತ್ತು ಗುಣಮಟ್ಟ'. ಇಂಥ ವಿಷಯ ಕೊಟ್ಟರೆ ಮಾತನಾಡುವವರು ಸಾಮಾನ್ಯವಾಗಿ ಯೋಜನೆಗಳ ಹೆಸರು ಓದುತ್ತಾರೆ, ಕೇಳುವವರು ಗಡಿಯಾರ ನೋಡುತ್ತಾರೆ. ಹೆಸರುಗಳು ನನಗೂ ಬರುತ್ತವೆ. ಆದರೆ ನಾನು ನೋಡಿದ ಸುಧಾರಣೆಗಳೆಲ್ಲ ಹಾದುಹೋದದ್ದು ಒಂದೇ ಕೋಣೆಯೊಳಗಿಂದ. ಅದಕ್ಕೆ ನಾವು ಲೇಬರ್ ರೂಮ್ ಎನ್ನುತ್ತಿದ್ದೆವು. ಆ ಕೋಣೆಯ ಬಾಗಿಲವರೆಗೆ ಹೆಂಗಸನ್ನು ತರುವುದರಲ್ಲಿ ನಮ್ಮ ಸರ್ಕಾರಗಳು ಗೆದ್ದಿವೆ. ಬಾಗಿಲು ದಾಟಿದ ಮೇಲೆ ಏನಾಯಿತು ಎಂಬುದು ಇನ್ನೂ ಕಣ್ಣಂದಾಜಿನಲ್ಲಿಯೇ ಇದೆ. ಇವತ್ತು ಅಷ್ಟನ್ನು ಮಾತ್ರ ಹೇಳುತ್ತೇನೆ.

ಮೊದಲು ಈ ಪ್ಲಾಸ್ಟಿಕ್ ಚೀಲವನ್ನು ಕೈಯಿಂದ ಕೈಗೆ ದಾಟಿಸಿ. ನೋಡಲು ಆಲಿಕೆಯಂತಿದೆ, ಮೇಲೆ ಅಗಲ, ಕೆಳಗೆ ಚೂಪು, ಪಕ್ಕದಲ್ಲಿ ಅಳತೆಯ ಗೆರೆಗಳು. ಮಗು ಹೊರಬಂದು ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಇದನ್ನು ಬಾಣಂತಿಯ ಸೊಂಟದ ಕೆಳಗೆ ಹಾಸಿ, ಚೂಪಾದ ಭಾಗವನ್ನು ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿಡುತ್ತಾರೆ. ರಕ್ತ ಚೀಲಕ್ಕೆ ಇಳಿಯುತ್ತದೆ, ಗೆರೆ ಓದಿದರೆ ಲೆಕ್ಕ ಸಿಗುತ್ತದೆ. ಇಷ್ಟೇ. ಇದರ ಹುಟ್ಟಿನ ಕಥೆ ನಮ್ಮ ಬೆಳಗಾವಿಗೆ ಸೇರಿದ್ದು ಎಂದರೆ ಬೆಳಗಾವಿಯವರೇ ಎಷ್ಟೋ ಜನ ನಂಬುವುದಿಲ್ಲ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಒಂದು ಪ್ರಯೋಗ ನಡೆಸಿದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ಉಪಕೇಂದ್ರಗಳ ದಾದಿಯರಾದ ಎಎನ್‌ಎಂಗಳು. 1620 ಬಾಣಂತಿಯರಲ್ಲಿ ಅರ್ಧದಷ್ಟು ಜನರಿಗೆ ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಔಷಧ ತೆಗೆದುಕೊಂಡವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಇಂಥ ಪ್ರಯೋಗದಲ್ಲಿ ರಕ್ತವನ್ನು "ಸುಮಾರು" ಎಂದು ಬರೆದರೆ ನಡೆಯುವುದಿಲ್ಲವಲ್ಲ? ಹಾಗಾಗಿ ಅಳೆಯಲು ಈ ಗೆರೆಚೀಲ ತಯಾರಾಯಿತು. ಅದನ್ನು ಹಾಸಿ ಅಳೆದಾಗ ಇನ್ನೊಂದು ಸತ್ಯವೂ ಹೊರಬಿತ್ತು: ಕಣ್ಣಂದಾಜಿನ ಲೆಕ್ಕ ಚೀಲದ ಲೆಕ್ಕಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಅಂದರೆ ಸಿಸ್ಟರ್ ನಾನೂರು ಎಂದು ಬರೆದಾಗ ನಿಜವಾಗಿ ಹೋಗಿದ್ದು ಆರುನೂರು. ಅಕ್ಕಿಗೆ ಪಾವು, ಹಾಲಿಗೆ ಲೀಟರು, ಬಟ್ಟೆಗೆ ಮೊಳ ಇಟ್ಟುಕೊಂಡ ನಾವು ಹೆತ್ತವಳ ರಕ್ತಕ್ಕೆ ಒಂದು ಅಳತೆ ಇಟ್ಟುಕೊಂಡಿರಲಿಲ್ಲ.

ಈಗ ಸುಧಾರಣೆಯ ಕಡೆಗೆ ಬರೋಣ. 2005 ನಮ್ಮ ಕ್ಷೇತ್ರಕ್ಕೆ ದೊಡ್ಡ ವರ್ಷ. ಆ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಅದರ ಜೊತೆಗೆ ಜನನಿ ಸುರಕ್ಷಾ ಯೋಜನೆ ಬಂತು, ಆಮೇಲೆ ಆಶಾ ಕಾರ್ಯಕರ್ತೆಯರು ಬಂದರು. ಬಡವಳು ಆಸ್ಪತ್ರೆಯಲ್ಲಿ ಹೆತ್ತರೆ ಅವಳಿಗೆ ಹಣ, ನಮ್ಮ ರಾಜ್ಯದ ಹಳ್ಳಿಯವಳಿಗೆ ಏಳು ನೂರು ರೂಪಾಯಿ. ರಾಜ್ಯ ಸರ್ಕಾರ ತನ್ನದೂ ಒಂದಿಷ್ಟು ಸೇರಿಸಿತು. ಸೊಳ್ಳೆ ಪರದೆ, ಹೊದಿಕೆ, ಸೋಪು ತುಂಬಿದ ಮಡಿಲು ಕಿಟ್ ಬಂತು. 2008ರಲ್ಲಿ 108 ಆಂಬುಲೆನ್ಸ್ ಬಂತು. ಇದನ್ನೆಲ್ಲ ಲಘುವಾಗಿ ಕಾಣುವ ಜನರ ಜೊತೆ ನಾನಿಲ್ಲ. ಎತ್ತಿನ ಗಾಡಿಯಲ್ಲಿ, ಮಗುವಿನ ಕೈಯೊಂದು ಮೊದಲು ಹೊರಬಂದು ನಿಂತ ಸ್ಥಿತಿಯಲ್ಲಿ, ಎರಡು ದಿನದ ನೋವು ತಿಂದು ಬಂದವರನ್ನು ಇಳಿಸಿಕೊಂಡವಳು ನಾನು. ಅವರು ಬರುವುದು ನಿಂತಿತು. 108ರ ಸೈರನ್ ಕೇಳಿದರೆ ಇಂದಿಗೂ ನನಗೆ ಕಿರಿಕಿರಿಯಾಗುವುದಿಲ್ಲ, ಸಮಾಧಾನವಾಗುತ್ತದೆ.

ಅಂಕಿಅಂಶಗಳೂ ಅದನ್ನೇ ಹೇಳುತ್ತವೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಮೂರು ಹೆರಿಗೆಗಳಲ್ಲಿ ಸುಮಾರು ಎರಡು ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಐದನೆಯ ಸಮೀಕ್ಷೆ ಬರುವ ಹೊತ್ತಿಗೆ ಅದು ಶೇ 97. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಪಟ್ಟಿಯಲ್ಲಿ ಪಕ್ಕದ ಸಾಲುಗಳನ್ನೂ ಓದಬೇಕಲ್ಲ. ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳ ಪಂಕ್ತಿಯಲ್ಲಿ ನಾವು ಕೊನೆಯ ಎಲೆಯವರು. ನೂರಕ್ಕೆ ತೊಂಬತ್ತೇಳು ಜನ ಆಸ್ಪತ್ರೆಗೆ ಬಂದ ಮೇಲೂ ಸಾಯುತ್ತಿದ್ದಾರೆ ಎಂದರೆ, ಸಾವು ದಾರಿಯಿಂದ ಎದ್ದು ಆಸ್ಪತ್ರೆಯೊಳಗೆ ಬಂದು ಕುಳಿತಿದೆ ಎಂದೇ ಅರ್ಥ.

ಅದು ಒಳಗೆ ಬಂದು ಕುಳಿತದ್ದು ಹೇಗೆಂದು ನಾನು ಕಣ್ಣಾರೆ ಕಂಡೆ. ನಾನಿದ್ದದ್ದು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆ. ಹೆಸರು ಹೇಳುವುದಿಲ್ಲ, ಅಲ್ಲಿನವರು ನನ್ನವರು. ಮೂರು ವರ್ಷಗಳಲ್ಲಿ ನಮ್ಮ ಹೆರಿಗೆಗಳು ಎರಡು ಪಟ್ಟು ಮೀರಿದವು. ಹೆರಿಗೆ ಮೇಜುಗಳು ಮೂರೇ. ರಾತ್ರಿ ಪಾಳಿಗೆ ಸ್ಟಾಫ್ ನರ್ಸ್ ಒಬ್ಬರೇ, ಅವರೇ ವಾರ್ಡಿನ ಬಾಣಂತಿಯರನ್ನೂ ನೋಡಬೇಕು. ಬಾಣಂತಿಯನ್ನು ನಲವತ್ತೆಂಟು ಗಂಟೆ ಇಟ್ಟುಕೊಳ್ಳಬೇಕು ಎಂಬ ಆದೇಶ ಗೋಡೆಯ ಮೇಲಿತ್ತು. ಮಂಚವೊಂದಕ್ಕೆ ಇಬ್ಬರು ಮಲಗಿದ್ದಾಗ ಆದೇಶ ಓದುವವರು ಯಾರು? ಬೆಳಿಗ್ಗೆ ಹೆತ್ತವಳು ಸಂಜೆಯ ಬಸ್ಸಿಗೆ ಹೊರಟಿರುತ್ತಿದ್ದಳು.

ಒಂದು ರಾತ್ರಿ ಎರಡನೆಯ ಹೆರಿಗೆಯ ಹೆಣ್ಣುಮಗಳೊಬ್ಬಳಿಗೆ ಸಲೀಸಾಗಿ ಮಗುವಾಯಿತು, ಮಾಸು ಬಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಇನ್ನೊಬ್ಬಳಿಗೆ ಮಗುವಿನ ತಲೆ ಕಾಣಿಸಿತು. ಸಿಸ್ಟರ್ ಅತ್ತ ತಿರುಗಿದರು. ಇತ್ತ ಕೇಸ್ ಶೀಟಿನಲ್ಲಿ ಆಗಲೇ 'ರಕ್ತಸ್ರಾವ ಸಾಮಾನ್ಯ' ಎಂದು ಬರೆದಾಗಿತ್ತು. ಎಲ್ಲರಿಗೂ ಅದನ್ನೇ ಬರೆಯುತ್ತಿದ್ದೆವು, ಕೈ ತಾನಾಗಿಯೇ ಬರೆಯುತ್ತಿತ್ತು. ಮುಕ್ಕಾಲು ಗಂಟೆಯ ನಂತರ ಅವಳ ತಾಯಿ ಬಂದು, "ಅಮ್ಮಾ, ಮಗಳು ಬೆವರುತ್ತಿದ್ದಾಳೆ, ಫ್ಯಾನು ಹಾಕುತ್ತೀರಾ?" ಎಂದು ಕೇಳಿದರು. ನಾಡಿ ಹಿಡಿದರೆ ಸಿಗಲಿಲ್ಲ. ಹೊದಿಸಿದ್ದ ಸೀರೆ ಸರಿಸಿದಾಗ ಕೆಳಗಿನ ಹಾಸಿಗೆ ಪೂರ್ತಿ ತೊಯ್ದಿತ್ತು. ಔಷಧ ಕೊಟ್ಟೆವು. ಗರ್ಭಕೋಶ ಕುಗ್ಗಿಸಿ ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ನಮ್ಮದು ಎಷ್ಟು ದಿನದಿಂದ ಕಿಟಕಿಯ ಪಕ್ಕದ ತಟ್ಟೆಯಲ್ಲಿತ್ತೋ ದೇವರಿಗೇ ಗೊತ್ತು. ರಕ್ತ ಇಡುವ ಫ್ರಿಜ್ ಇತ್ತು, ಒಳಗೆ ರಕ್ತವಿರಲಿಲ್ಲ, ಪರವಾನಗಿ ನವೀಕರಣವಾಗಿರಲಿಲ್ಲ. ಜಿಲ್ಲಾಸ್ಪತ್ರೆಗೆ ಸಾಗಿಸಿದೆವು. ಆರು ಬಾಟಲಿ ರಕ್ತ ಕೊಟ್ಟು, ಗರ್ಭಕೋಶ ತೆಗೆದು ಅವಳನ್ನು ಉಳಿಸಿದರು. ಅವಳಿಗೆ ಆಗ ಇಪ್ಪತ್ತೆರಡು ವರ್ಷ.

ಆ ತಿಂಗಳ ವರದಿಯಲ್ಲಿ ಅವಳು ಹೇಗೆ ದಾಖಲಾದಳು ಗೊತ್ತೇ? ಸಾಂಸ್ಥಿಕ ಹೆರಿಗೆ, ಒಂದು. ಜೀವಂತ ಜನನ, ಒಂದು. ಜನನಿ ಸುರಕ್ಷಾ ಹಣ ಪಾವತಿ, ಒಂದು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಗುರಿ ಮೀರಿದ್ದಕ್ಕೆ ನಮ್ಮ ಆಸ್ಪತ್ರೆಗೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅವಳು ಕಳೆದುಕೊಂಡದ್ದನ್ನು ಬರೆಯಲು ಆ ನಮೂನೆಯಲ್ಲಿ ಒಂದು ಕಾಲಂ ಇರಲಿಲ್ಲ. ಯಾರೋ ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಬರೆದದ್ದೆಲ್ಲ ನಿಜವೇ.

ಸೂಲಗಿತ್ತಿ ನರಸಮ್ಮನವರ ಹೆಸರು ನಿಮಗೆಲ್ಲ ಗೊತ್ತು, ಪಾವಗಡ ತಾಲ್ಲೂಕಿನವರು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ ಪದ್ಮಶ್ರೀ ಪಡೆದವರು. ಆಸ್ಪತ್ರೆಯ ಹೆರಿಗೆಗಿಂತ ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಎನ್ನುವವರು ಅವರ ಹೆಸರನ್ನು ಎಳೆದು ತರುವುದುಂಟು. ನಾನು ಒಪ್ಪುವುದಿಲ್ಲ. ಸೂಲಗಿತ್ತಿಯ ಬಳಿ ರಕ್ತ ಇರಲಿಲ್ಲ, ಅರಿವಳಿಕೆ ಇರಲಿಲ್ಲ. ಆದರೆ ಅವರಲ್ಲಿದ್ದ ಒಂದು ವಸ್ತು ನಮ್ಮ ರಾತ್ರಿ ಪಾಳಿಯ ಸಿಸ್ಟರ್ ಬಳಿ ಇರಲಿಲ್ಲ: ಒಬ್ಬಳೇ ಹೆಂಗಸಿನ ಪಕ್ಕದಲ್ಲಿ ಕದಲದೆ ಕೂರುವ ಸಮಯ.

ಒಳಗೆ ನಡೆಯುವುದನ್ನು ತಿದ್ದಲು ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗೆಂದು ಒಂದು ತಪಾಸಣಾ ಪಟ್ಟಿ ಮಾಡಿತು. ಒಂದೇ ಹಾಳೆ: ಕೈ ತೊಳೆದಿರಾ, ರಕ್ತದೊತ್ತಡ ನೋಡಿದಿರಾ, ಹೆರಿಗೆಯಾದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಕೊಟ್ಟಿರಾ, ಮಗುವನ್ನು ತಾಯಿಯ ಎದೆಗೆ ಹಾಕಿದಿರಾ, ಹೀಗೆ. ಇದನ್ನು 2010ರಲ್ಲಿ ಪರೀಕ್ಷಿಸಿದ ಮೊದಮೊದಲ ಜಾಗಗಳಲ್ಲಿ ನಮ್ಮ ಕರ್ನಾಟಕದ ಒಂದು ಆಸ್ಪತ್ರೆಯೂ ಇತ್ತು. ಪಟ್ಟಿ ಬರುವ ಮುಂಚೆ 29 ಅಗತ್ಯ ಕ್ರಮಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ ನಡೆಯುತ್ತಿದ್ದದ್ದು 10. ಪಟ್ಟಿ ಬಂದ ಮೇಲೆ 25. ಎಲ್ಲರೂ ಹಿರಿಹಿರಿ ಹಿಗ್ಗಿದರು. ನಾನೂ ಆ ಹಾಳೆಯ ಪ್ರತಿ ತೆಗೆಸಿ ನಮ್ಮ ಗೋಡೆಗೆ ಅಂಟಿಸಿದವಳೇ.

ಆಮೇಲೆ ದೊಡ್ಡ ಪರೀಕ್ಷೆ ಉತ್ತರ ಪ್ರದೇಶದಲ್ಲಿ ನಡೆಯಿತು. 24 ಜಿಲ್ಲೆಗಳ 120 ಆರೋಗ್ಯ ಕೇಂದ್ರಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಅರ್ಧ ಕೇಂದ್ರಗಳಿಗೆ ಪಟ್ಟಿಯ ಜೊತೆಗೆ ಪಕ್ಕದಲ್ಲಿ ನಿಂತು ಹೇಳಿಕೊಡುವ ತರಬೇತುದಾರರನ್ನೂ ಎಂಟು ತಿಂಗಳು ಕಳಿಸಿದರು. ಎರಡು ತಿಂಗಳಾದಾಗ ನೋಡಿದರೆ ಅಂಥ ಕಡೆ ಅಗತ್ಯ ಕ್ರಮಗಳಲ್ಲಿ ಶೇ 73ರಷ್ಟು ಪಾಲನೆಯಾಗುತ್ತಿತ್ತು, ಉಳಿದ ಕಡೆ ಶೇ 42. ಕೆಲಸ ಸುಧಾರಿಸಿದ್ದರಲ್ಲಿ ಅನುಮಾನವಿಲ್ಲ. ಆದರೆ 2017ರ ಕೊನೆಗೆ ಫಲಿತಾಂಶ ಪ್ರಕಟವಾದಾಗ ತಾಯಿ ಮಕ್ಕಳ ಸಾವು ಮತ್ತು ಗಂಭೀರ ತೊಂದರೆಗಳ ಒಟ್ಟು ಪ್ರಮಾಣ ಒಂದು ಕಡೆ ಶೇ 15.1, ಇನ್ನೊಂದು ಕಡೆ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ.

ಈ ಫಲಿತಾಂಶ ಓದಿದ ದಿನ ನನಗೆ ಊಟ ಸೇರಲಿಲ್ಲ. ಇಲ್ಲಿರುವ ವಿದ್ಯಾರ್ಥಿನಿಯರು ದಯವಿಟ್ಟು ತಪ್ಪು ತಿಳಿಯಬಾರದು, ಕೈ ತೊಳೆಯುವುದು ದಂಡ ಎಂದು ಇದರ ಅರ್ಥವಲ್ಲ. ಶೇ 73 ಎಂದರೂ ಪ್ರತಿ ಹೆರಿಗೆಯಲ್ಲಿ ಕಾಲು ಭಾಗದಷ್ಟು ಕ್ರಮಗಳು ಬಿಟ್ಟುಹೋಗಿರುತ್ತವೆ. ತರಬೇತುದಾರರು ಹೋದ ಮೇಲೆ ಅದೂ ಇಳಿಯಿತು. ನನಗೆ ಅನ್ನಿಸುವುದು ಇನ್ನೂ ಒಂದು. ಮಾಡಬೇಕಾದದ್ದನ್ನು ನೆನಪಿಸುವುದಷ್ಟೇ ಪಟ್ಟಿಯ ಕೆಲಸ. ರಕ್ತ ಹರಿಯುತ್ತಿರುವಾಗ ಅದು ಮಾತನಾಡುವುದಿಲ್ಲ. ರಕ್ತ ಹರಿಯುತ್ತಿದೆ ಎಂದು ಗೊತ್ತಾದ ಮೇಲೂ ಕೈಗೆ ಸಿಗುವ ಜಾಗದಲ್ಲಿ ಔಷಧ ಇರಬೇಕು, ಕರೆದರೆ ಬರುವ ವೈದ್ಯರಿರಬೇಕು, ಫ್ರಿಜ್‌ನಲ್ಲಿ ರಕ್ತವಿರಬೇಕು. ಹಾಳೆಯ ಮೇಲೆ ಸರಿ ಗುರುತು ಹಾಕಿದರೆ ಇವು ಹುಟ್ಟಿಕೊಳ್ಳುವುದಿಲ್ಲ.

ಚೀಲ ಈಗ ಎಲ್ಲಿದೆ? ಹಿಂದಿನ ಸಾಲಿನಲ್ಲಿದೆಯೇ, ಇರಲಿ. 2023ರಲ್ಲಿ ಇದೇ ಚೀಲವನ್ನು ಹಿಡಿದು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಗೆರೆ ದಾಟಿದ ಕೂಡಲೇ ಒಂದರ ನಂತರ ಒಂದಲ್ಲ, ಎಲ್ಲವನ್ನೂ ಒಟ್ಟಿಗೆ ಮಾಡಬೇಕು: ಗರ್ಭಕೋಶವನ್ನು ನೀವಬೇಕು, ಅದು ಕುಗ್ಗುವ ಔಷಧ, ರಕ್ತದ ಹೆಪ್ಪು ಕರಗದಂತೆ ನೋಡಿಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಹಾಕಬೇಕು, ಹರಿದಿದೆಯೇ ಎಂದು ಪರೀಕ್ಷಿಸಬೇಕು, ನಿಲ್ಲದಿದ್ದರೆ ದೊಡ್ಡ ಡಾಕ್ಟರನ್ನು ಕರೆಯಬೇಕು. ಇವೆಲ್ಲ ಒಂದೇ ಡಬ್ಬಿಯಲ್ಲಿ ಅಥವಾ ತಳ್ಳುಗಾಡಿಯಲ್ಲಿ ಸಿದ್ಧವಾಗಿರಬೇಕು. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವವಾದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಮಾತ್ರ ಗುರುತಿಸುತ್ತಿದ್ದರು. ಚೀಲ ಹಾಸಿದ ಕಡೆ ನೂರಕ್ಕೆ 93. ಲೀಟರ್ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದದ್ದು ಮತ್ತು ಅದರಿಂದಾದ ಸಾವು, ಮೂರೂ ಸೇರಿ ಶೇ 60ರಷ್ಟು ಕಡಿಮೆಯಾದವು. ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು: ಆ ಆಸ್ಪತ್ರೆಗಳೆಲ್ಲ ಶಸ್ತ್ರಚಿಕಿತ್ಸೆಗೆ ಅನುಕೂಲವಿದ್ದ ದೊಡ್ಡವು. ಉತ್ತರ ಪ್ರದೇಶದ ಕೇಂದ್ರಗಳು ಹಾಗಿರಲಿಲ್ಲ. ಕರೆದಾಗ ಬರುವವರು ಇದ್ದಲ್ಲಿ ಮಾತ್ರ ಕರೆಗೆ ಬೆಲೆ.

ಬೆಳಗಾವಿಯ ಹಳ್ಳಿಗಳಲ್ಲಿ ಹಾಸಿದ ಚೀಲ ಆಫ್ರಿಕಾ ಸುತ್ತಿ ಸುದ್ದಿಯಾಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ.

ವಿಮೆಯ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. 2003ರ ಯಶಸ್ವಿನಿಯಿಂದ ಹಿಡಿದು ಇಂದಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದವರೆಗೆ ನಮ್ಮ ರಾಜ್ಯ ಇದರಲ್ಲಿ ಹಳೆಯ ಕೈ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ, ದಕ್ಷಿಣಕ್ಕೆ ಬಂದದ್ದು 2012ರಲ್ಲಿ. ನಡುವಿನ ಈ ಅವಧಿಯಲ್ಲಿ ಸಂಶೋಧಕರು ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿ ನೋಡಿದರು. ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಆಗುವ ಸಾವು ಶೇ 64ರಷ್ಟು ಕಡಿಮೆ. ಶಸ್ತ್ರಚಿಕಿತ್ಸೆಯ ನಂತರದ ಸೋಂಕು, ಮತ್ತೆ ಆಸ್ಪತ್ರೆ ಸೇರುವ ಪ್ರಮೇಯ, ಇವೂ ಕಡಿಮೆ. ಹೃದಯ ಕಾಯಿಲೆಯ, ಕ್ಯಾನ್ಸರಿನ ಬಡವನಿಗೆ ಇದು ವರವೇ ಸರಿ. ನನ್ನ ಅಣ್ಣನ ಎದೆಯ ಆಪರೇಷನ್ ಆದದ್ದೂ ಇಂಥ ಒಂದು ಕಾರ್ಡಿನಲ್ಲಿ.

ಆದರೆ ದುಡ್ಡು ಯಾವುದಕ್ಕೆ ಸಿಗುತ್ತದೋ ಅದು ಹೆಚ್ಚುತ್ತದೆ, ಇದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ವಿಮೆ ಬಂದ ಮೇಲೆ ಮೂವತ್ತು ತುಂಬದ ಹೆಂಗಸರ ಗರ್ಭಕೋಶಗಳೂ ಆಪರೇಷನ್ ಪ್ಯಾಕೇಜ್ ಆದವು. ನಮ್ಮ ಕಲಬುರಗಿಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಗರ್ಭಕೋಶ ತೆಗೆದದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿ ಎಷ್ಟೋ ಜನ ಸಾಲ ಮಾಡಿ ಕೈಯಿಂದಲೇ ಹಣ ಕಟ್ಟಿದ್ದರು, ಆದ್ದರಿಂದ ತಪ್ಪನ್ನೆಲ್ಲ ವಿಮೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಿಳಿಮುಟ್ಟು ಎಂದು ಹೋದವಳಿಗೆ "ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡು" ಎಂದು ಹೆದರಿಸಿದರೆ ಅವಳು ಯಾರನ್ನು ಕೇಳಬೇಕು? 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಈ ಶಸ್ತ್ರಚಿಕಿತ್ಸೆಯ ಮೇಲೆ ನಿಗಾ ಇಡುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕು ಎಂದು ಹೇಳಬೇಕಾಯಿತು. ಸಿಜೇರಿಯನ್ ಲೆಕ್ಕವೂ ಇದೇ ಜಾಡಿನದು. ಐದನೆಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 31.5 ಹೆರಿಗೆಗಳು ಸಿಜೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು.

2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿದೆಯೇ? ಜೈಲು ಶಿಕ್ಷೆ, ದರ ನಿಗದಿ, ಇವೆರಡರ ಸುತ್ತಲೇ ಗದ್ದಲ. ಯಾವ ಆಸ್ಪತ್ರೆಯಲ್ಲಿ ಎಷ್ಟು ಜನರ ಹೊಲಿಗೆ ಕೀವಾಗುತ್ತದೆ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ, ಅವರಲ್ಲಿ ಯಾರೂ ಹೇಳಲಿಲ್ಲ.

ಈಗ ಬಳ್ಳಾರಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ನರಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದರ ಬಳಕೆ ನಿಲ್ಲಿಸಿದರು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ದ್ರಾವಣ ತಯಾರಿಸಿದ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲ ಎಂದಿದ್ದರೂ ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂದು ಸರ್ಕಾರ ಹೇಳಿತು. ತಪ್ಪು ಯಾರದೆಂದು ತೀರ್ಪು ಕೊಡಲು ನಾನು ಯಾರು? ನನಗೆ ಕಾಡುವುದು ಬೇರೆ. ಆ ಹೆಣ್ಣುಮಕ್ಕಳು ಎಲ್ಲವನ್ನೂ ಸರಿಯಾಗಿ ಮಾಡಿದವರು. ತಾಯಿ ಕಾರ್ಡ್ ಮಾಡಿಸಿ, ತಪಾಸಣೆಗೆ ಬಂದು, ಸುಧಾರಣೆ ತೋರಿಸಿದ ದಾರಿಯಲ್ಲೇ ನಡೆದು ಒಳಗೆ ಬಂದವರು. ಬಾಟಲಿ ಹಾಕುವ ಮುಂಚೆ ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಕಸರು ತೇಲುತ್ತದೆಯೇ ನೋಡು, ಹಿಂಡಿ ಸೋರುತ್ತದೆಯೇ ನೋಡು ಎಂದು ನಾನು ಸಿಸ್ಟರುಗಳಿಗೆ ಹೇಳಿಕೊಡುತ್ತಿದ್ದೆ. ನೀವೂ ನೋಡಿ. ಆದರೆ ಕಣ್ಣಿಗೆ ಕಾಣದ ವಿಷವನ್ನು ಹಿಡಿಯುವ ಕೆಲಸ ರಾತ್ರಿ ಪಾಳಿಯ ನರ್ಸಿನದಲ್ಲ, ಅದು ಖರೀದಿ ಮಾಡುವವರದು, ಪರೀಕ್ಷೆ ಮಾಡುವವರದು. ಅಲ್ಲಿಯೂ ಕಣ್ಣಂದಾಜು ನಡೆಯಿತೋ ಏನೋ.

ನಾನು ಇಷ್ಟು ಹೇಳಿ ಮುಗಿಸಿದಾಗ ಪ್ರಶ್ನೆ ಕೇಳಲು ಮೊದಲು ಎದ್ದವರು ಒಬ್ಬ ಆಶಾ ಕಾರ್ಯಕರ್ತೆ. "ಮೇಡಂ, ನಮ್ಮೂರಿನಲ್ಲಿ ಒಬ್ಬ ಬಾಣಂತಿ ಸತ್ತಾಗ ವಿಚಾರಣೆಗೆ ಎಂದು ಜೀಪಿನಲ್ಲಿ ಬಂದರು. ನಾನು ಮೂರು ದಿನ ನಿದ್ದೆ ಮಾಡಲಿಲ್ಲ. ಕೊನೆಗೆ ಸಿಸ್ಟರಿಗೆ ನೋಟಿಸ್ ಬಂತು. ಈಗ ಅವರು ಯಾರನ್ನೂ ಮುಟ್ಟುವುದೇ ಇಲ್ಲ, ಎಲ್ಲರಿಗೂ ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾರೆ. ಇದು ಸುಧಾರಣೆಯಾ?" ಸಭೆಯಲ್ಲಿ ನಗು. ಅವರು ನಗಲಿಲ್ಲ.

ಅವರಿಗೆ ನಾನು ಕೇರಳದ ವಿಷಯ ಹೇಳಿದೆ. ಅಲ್ಲಿನ ಹೆರಿಗೆ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳನ್ನು ಗುಟ್ಟಾಗಿ ಪರಿಶೀಲಿಸುತ್ತ ಬಂದಿದೆ. ಗುಟ್ಟು ಎಂದರೆ ಮುಚ್ಚಿಹಾಕುವುದಲ್ಲ. ಕೇಸ್ ಶೀಟಿನಿಂದ ತಾಯಿಯ ಹೆಸರು, ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ತೆಗೆದುಹಾಕುತ್ತಾರೆ. ಉಳಿಯುವುದು ಗಂಟೆ, ನಿಮಿಷ, ಏನು ಕೊಟ್ಟರು, ಏನು ಕೊಡಲಿಲ್ಲ ಎಂಬುದು ಮಾತ್ರ. ಅದನ್ನು ಓದಿದವರಿಗೆ ಮತ್ತೆ ಮತ್ತೆ ಕಾಣಿಸಿದ್ದು ರಕ್ತಸ್ರಾವ ಮತ್ತು ರಕ್ತದೊತ್ತಡ. ಆ ಮೇಲೆ ಬ್ರಿಟನ್ನಿನ ತಜ್ಞರ ನೆರವು ಪಡೆದು ಇವುಗಳಿಗೆ ಗುಣಮಟ್ಟದ ನಿಯಮಗಳನ್ನು ಬರೆದರು. ಆಗಲೇ ಹೇಳಿದ 19ರ ಹಿಂದೆ ಕೇರಳದ ಶಿಕ್ಷಣ, ರಸ್ತೆ, ಸಣ್ಣ ಕುಟುಂಬ ಎಲ್ಲವೂ ಇವೆ. ಆದರೆ ಸತ್ತ ನಂತರ ನೋಟಿಸ್ ಬದಲು ಪ್ರಶ್ನೆ ಕೇಳುವ ಅಭ್ಯಾಸವೂ ಇದೆ. ನಮ್ಮಲ್ಲಿ ಸಾವಿನ ಪರಿಶೀಲನೆಯ ನಿಯಮ ಇಲ್ಲದಿಲ್ಲ. ಆದರೆ ನನ್ನ ಸೇವೆಯಲ್ಲಿ ನಾನು ಹಾಜರಾದ ಅಂಥ ಸಭೆಗಳಲ್ಲಿ ಹೆಚ್ಚಿನವು "ಯಾರು?" ಎಂದು ಶುರುವಾಗಿ, ಹೆಸರು ಸಿಕ್ಕ ಕೂಡಲೇ ಮುಗಿದವು. ಹಾಗಾದಾಗ ಕೆಳಗಿನವರು ಕಲಿಯುವುದು ಕೈ ತೊಳೆದುಕೊಳ್ಳುವುದನ್ನು. ಸೋಪು ಹಾಕಿ ತೊಳೆಯುವುದಲ್ಲ, ಇನ್ನೊಂದು ತರಹದ್ದು.

ಇನ್ನೊಬ್ಬರು ರಾಷ್ಟ್ರೀಯ ಗುಣಮಟ್ಟ ಪ್ರಮಾಣಪತ್ರಗಳ ಬಗ್ಗೆ, ಹೆರಿಗೆ ಕೋಣೆಗಳಿಗೆಂದೇ 2017ರ ಕೊನೆಯಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದ ಬಗ್ಗೆ ಕೇಳಿದರು. ಅದು ಒಳ್ಳೆಯದು, ಅದರಿಂದ ಎಷ್ಟೋ ಕಡೆ ಹೆರಿಗೆ ಮೇಜುಗಳ ನಡುವೆ ಪರದೆ ಬಂತು, ಜೊತೆಗೊಬ್ಬ ಬಂಧು ಇರಲು ಅವಕಾಶ ಬಂತು. ತಪಾಸಣೆಯ ತಂಡ ಬರುವ ಹಿಂದಿನ ವಾರ ಮಾತ್ರ ಗೋಡೆಗೆ ಬಣ್ಣ ಬಳಿಯುವ ಆಸ್ಪತ್ರೆಗಳನ್ನೂ ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಮ್ಮ ಸ್ಟೋರ್‌ಕೀಪರಿಗೆ ಬಹಳ ಇಷ್ಟವಾಗಿತ್ತು.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಮೂವರು ವಿದ್ಯಾರ್ಥಿನಿಯರು ಮೇಜಿನ ಬಳಿ ನಿಂತಿದ್ದರು. ಒಬ್ಬಳು ಸೀರೆಯನ್ನು ಎತ್ತಿ ಚೀಲದೊಳಕ್ಕೆ ಹಿಂಡಿದಳು. ಎಷ್ಟು ಹಿಂಡಿದರೂ ಗೆರೆ ಮುನ್ನೂರರ ಹತ್ತಿರವೇ ನಿಂತಿತು. "ಉಳಿದದ್ದು ಎಲ್ಲಿ ಹೋಯಿತು ಮೇಡಂ?" ಎಂದಳು. ಸೀರೆಯ ತೂಕ ನೋಡು ಎಂದೆ. ಅವಳು ಕ್ಯಾಂಟೀನಿನಿಂದ ತಕ್ಕಡಿ ತರಲು ಹೊರಟಳು.